ಸೊಲ್ಲಿಲ್ಲದ ಚರಗ

"ಊಟ ಮಾಡ್ರಿ, ಹೊಲ ತಿರುಗ್ಯಾಡ್ರಿ, ಬೇಕಾದಷ್ಟು ಫೋಟೋ ಹೊಡ್ಕೋರಿ. ಆದ್ರ ಚರಗ ಚೆಲ್ಲೂವಾಗ ಬಾಯಿ ಬಿಡಬ್ಯಾಡ್ರಿ ಸರ್. ಈ ಹೊಲದಾಗ ನಾವು ಕೂಗೂದಿಲ್ಲ."

ಕಾಟೇಜಿನ ಒಡತಿ ಶಿವಕಾಂತಮ್ಮ ಇಷ್ಟು ಹೇಳುವಷ್ಟರಲ್ಲೇ ಕೌಸ್ತುಭನ ತುಟಿ ಸೊಟ್ಟಗಾಗಿತ್ತು. ಕಲಬುರಗಿಯ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುವ ಈ ಮಹಾನುಭಾವನಿಗೆ ಜಗತ್ತಿನಲ್ಲಿ ಇಬ್ಬರೇ ಬುದ್ಧಿವಂತರು ಕಾಣುತ್ತಿದ್ದರು: ಒಬ್ಬ ಕನ್ನಡಿಯೊಳಗಿನವ, ಇನ್ನೊಬ್ಬ ಕನ್ನಡಿಯ ಮುಂದಿನವ. ಜನರ ಮೂಢನಂಬಿಕೆಯನ್ನು ಗೇಲಿ ಮಾಡಿ ವಿಡಿಯೋ ಹಾಕುವುದು ಅವನ ಚಟ. ಎಳ್ಳಮಾವಾಸ್ಯೆಯ ರಜೆಗೆಂದು ಹೆಂಡತಿ ಶ್ರೀವಿದ್ಯಾಳನ್ನು ಕರೆದುಕೊಂಡು ಚಿಂಚೋಳಿ ದಾಟಿ, ಕುಂಚಾವರಂ ಗುಡ್ಡದ ಮಗ್ಗುಲಿನ ಈ ಶಾಬಾದಿ ಕಲ್ಲಿನ ಕಾಟೇಜಿಗೆ ಬಂದದ್ದೂ ಅದೇ ಆಸೆಗೆ. ಗುಡ್ಡದ ಗಾಳಿ ಬರೀ ನೆಪ.

ಸುತ್ತಲಿನ ಹೊಲಗಳಲ್ಲೆಲ್ಲ ಆ ಹೊತ್ತಿಗೆ ಚರಗದ ಗದ್ದಲ ಎದ್ದಿತ್ತು. ಮುಂದೆ ಹೋಗುವವ ಸಜ್ಜಿ ಕಡಬು, ಭಜ್ಜಿ ಪಲ್ಯ ಕಲಸಿದ ಎಡೆಯನ್ನು ಭೂಮಿತಾಯಿಗೆ ಎರಚುತ್ತ 'ಹುಲ್ಲುಲ್ಲಿಗೋ' ಎಂದು ಕೂಗುತ್ತಾನೆ. ಹಿಂದೆ ಬರುವವ ನೀರು ಚಿಮುಕಿಸುತ್ತ 'ಚಲ್ಲಂಬ್ರಿಗೋ' ಎಂದು ಸೊಲ್ಲು ಕೊಡುತ್ತಾನೆ. ಶಿವಕಾಂತಮ್ಮನ ಹೊಲವೊಂದೇ ಬಾಯಿ ಮುಚ್ಚಿಕೊಂಡಿತ್ತು.

"ಯಾಕ, ನಿಮ್ಮ ಭೂಮಿತಾಯಿ ಮಲಗ್ಯಾಳೇನು?" ಎಂದ ಕೌಸ್ತುಭ.

ಶಿವಕಾಂತಮ್ಮ ನಗಲಿಲ್ಲ. "ನನ್ನ ಮೈದುನ ಅಮೃತಪ್ಪ ಹೊಲದ ಆಸಿಗಿ ಗಡಿಯಾಚಿಂದ ಮಾಟಗಾರನ್ನ ಕರಸ್ದ. ನಡುಹೊಲದಾಗ ಏನೇನೋ ಹೂಳಿಸ್ದ. ಅದು ತಿರುಗಿ ಅವನಿಗೇ ಬಡೀತು. ಚರಗದಾಗ ಹಿಂದಿನಿಂದ ಸೊಲ್ಲು ಕೊಡ್ಲಿಕತ್ತಾಂವ, ಸೊಲ್ಲು ಬಾಯಾಗಿರೂವಾಗೇ ಬಿದ್ದು ಸತ್ತ. ಮರುವರ್ಷ ನನ್ನ ಗಂಡ ಕೂಗಿದ್ರು. ಸತ್ತಾಂವ ಸೊಲ್ಲು ಕೊಟ್ಟ. ಬೆನ್ನ ಹತ್ತಿದ."

"ಆಮ್ಯಾಲ?" ಎಂದಳು ಶ್ರೀವಿದ್ಯಾ. ಅವಳ ಕೈಯಲ್ಲಿದ್ದ ರೊಟ್ಟಿ ಹಾಗೇ ಉಳಿದಿತ್ತು.

"ಬಿಡಸ್ಕೋಬೇಕಂದ್ರ ಇನ್ನೊಬ್ಬರ ಹೆಸರು ಹೇಳಿ ಅವರ ಬೆನ್ನಿಗಿ ಹಚ್ಚಬೇಕವ್ವ. ಅದೂ ಒಂದೇ ಸಲ. ಒಮ್ಮಿ ಹಚ್ಚಿದವರ ನಾಲಿಗಿ ಎರಡನೇ ಸಲ ಏಳೂದಿಲ್ಲ. ನನ್ನ ಗಂಡ ಯಾರ ಹೆಸರೂ ಹೇಳಲಿಲ್ಲ. ದನಿ ಕಿವಿ ಮುಟ್ತು, ಉಸರು ನಿಂತ್ತು."

"ಅದಕ್ಕ ಪ್ರತಿಧ್ವನಿ ಅಂತಾರ್ರಿ. ಗುಡ್ಡ ಇದ್ದಲ್ಲಿ ಆಗತದ. ಸಣ್ಣ ಹುಡುಗರ ಪುಸ್ತಕದಾಗ ಅದ."

"ಸುಮ್ನಿರ್ರಿ," ಶ್ರೀವಿದ್ಯಾ ತಗ್ಗಿದ ದನಿಯಲ್ಲಿ ಅಂದಳು. "ಅವರು ಗಂಡನ್ನ ಕಳಕೊಂಡಾರ."

ಸುಮ್ಮನಿರುವುದು ಕೌಸ್ತುಭನ ಜಾತಕದಲ್ಲಿರಲಿಲ್ಲ. ಹೊತ್ತು ಇಳಿಯುವುದನ್ನೇ ಕಾದ. ಶಿವಕಾಂತಮ್ಮನ ಮನೆಯವರು ಸದ್ದಿಲ್ಲದೆ ಚರಗ ಚೆಲ್ಲಿ ಬೇವಿನ ಮರದಡಿ ಪಾತ್ರೆ ಕಟ್ಟುತ್ತಿದ್ದಾಗ, ಉಳಿದ ಎಡೆಯ ಬುಟ್ಟಿ ಎತ್ತಿಕೊಂಡು ಜೋಳದೊಳಗೆ ನುಗ್ಗಿದ. ಒಂದು ಕೈಯಲ್ಲಿ ಮೊಬೈಲಿನ ದೀಪ ಉರಿಯುತ್ತಿತ್ತು. "ಬ್ಯಾಡ್ರಿ, ನಿಮ್ಮ ಕಾಲ ಬೀಳ್ತೀನಿ," ಎಂದು ಶ್ರೀವಿದ್ಯಾ ಬದುವಿನ ಮೇಲೆ ನಿಂತು ಅಂಗಲಾಚಿದಳು. ಅದನ್ನೂ ಅವನು ವಿಡಿಯೋದಲ್ಲಿ ಹಿಡಿದುಕೊಂಡ.

ಒಳಗೆ ಜೋಳ ಆಳೆತ್ತರ ನಿಂತಿತ್ತು. ಗರಿಗಳ ನಡುವೆ ಬೆಳಕು ಕಂದಿತ್ತು. ಹಸಿ ಮಣ್ಣಿನ ಜೊತೆ ಹಳಸಿದ ಅಂಬಲಿಯಂಥ ಹುಳಿ ವಾಸನೆ ಬರುತ್ತಿತ್ತು. ಅವನು ಒಂದು ಹಿಡಿ ಎರಚಿ, ಗಂಟಲು ಹರಿಯುವಂತೆ ಕೂಗಿದ.

"ಹುಲ್ಲುಲ್ಲಿಗೋ..."

ಗುಡ್ಡ ಸುಮ್ಮನಿತ್ತು. ಆಮೇಲೆ ದೂರದ ಸಾಲಿನಿಂದ ಗೊಗ್ಗರು ದನಿಯೊಂದು ನಿಧಾನವಾಗಿ ಬಂತು.

"ಚಲ್ಲಂಬ್ರಿಗೋ..."

ಕೌಸ್ತುಭ ನಕ್ಕ. ಹಲ್ಲು ಮುಚ್ಚುವ ಮೊದಲೇ ಅವನೊಳಗಿನ ಮೇಷ್ಟ್ರು ಎದ್ದು ಕೂತರು. ಪ್ರತಿಧ್ವನಿ ಕೂಗಿದ್ದನ್ನೇ ಮರಳಿಸುತ್ತದೆ. ಇದು ಕೂಗದ ಮಾತನ್ನು ಹೇಳಿತ್ತು.

"ಯಾರಲೇ ಅಂವ? ಆಟ ಆಡ್ತೀರೇನು ನನ್ನ ಜೋಡಿ?"

"ಚಲ್ಲಂಬ್ರಿಗೋ." ಈಗ ನಾಲ್ಕು ಸಾಲು ಹಿಂದೆ.

ದಂಟು ಮುರಿಯಲಿಲ್ಲ, ಗರಿ ಸರಿಯಲಿಲ್ಲ. ಬರೀ ದನಿ ನಡೆದು ಬರುತ್ತಿತ್ತು. ಕುತ್ತಿಗೆಯ ಮೇಲೆ ನೀರು ಬಿತ್ತು, ತಣ್ಣಗೆ, ಯಾರೋ ಚಿಮುಕಿಸಿದ ಹಾಗೆ. ಬುಟ್ಟಿ ಬಿತ್ತು. ಮೊಬೈಲು ಬಿತ್ತು. ಕೌಸ್ತುಭ ಓಡಿದ. ಜೋಳದ ಗರಿ ಮುಖ ಗೀರಿತು. ದಿಕ್ಕು ತಪ್ಪಿತು. ಉಸಿರು ಸಿಗಲಿಲ್ಲ. ದನಿ ಬೆನ್ನಿಗೆ ಬಂತು. ಹೆಗಲಿಗೆ ಬಂತು.

ಎದುರಿಗೆ ಶ್ರೀವಿದ್ಯಾ ಬಂದಳು. ಅವನ ಕೂಗು ಕೇಳಿ, ಹೆದರಿಕೆ ನುಂಗಿಕೊಂಡು, ಅವನಿಗಾಗಿಯೇ ಹೊಲದೊಳಗೆ ಓಡಿ ಬಂದಿದ್ದಳು. "ಏನಾತ್ರಿ? ನಾ ಇದ್ದೀನಿ, ಕೈ ಕೊಡ್ರಿ," ಎಂದು ಅವನ ಮುಂಗೈ ಹಿಡಿದಳು.

ದೇವರು ದಿಂಡರನ್ನು ನಂಬದ ಆ ಧೀರ ಒಂದು ಗಳಿಗೆಯೂ ಯೋಚಿಸಲಿಲ್ಲ.

"ಶ್ರೀವಿದ್ಯಾ!" ಎಂದು ಚೀರಿದ. "ಶ್ರೀವಿದ್ಯಾನ ಬೆನ್ನ ಹತ್ತು! ನನ್ನ ಬಿಡು!"

ಬೆನ್ನು ಹಗುರಾಯಿತು. ಅವನು ಕೈ ಕೊಡವಿಕೊಂಡು ಓಡಿ, ಬದು ಹಾರಿ, ಆಚೆ ನಿಲ್ಲಿಸಿದ್ದ ತನ್ನ ಕಾರಿನೊಳಗೆ ಬಿದ್ದು ಬಾಗಿಲಿಗೆ ಕೀಲಿ ಹಾಕಿಕೊಂಡ. ಉಸಿರು ತಿರುಗುವ ಮೊದಲೇ ತಲೆ ಮತ್ತೆ ಕೆಲಸ ಹಿಡಿಯಿತು. ಕೇಳಿದವರಿಗೆ ಹೃದಯಾಘಾತ ಅನ್ನಬಹುದು. ಮೊದಲೇ ಅವಳಿಗೆ ರಕ್ತ ಕಡಿಮೆ. ಚಳಿ ಬೇರೆ. ಇಂಥ ಗಂಡು ಹುಟ್ಟಿದ್ದಕ್ಕೆ ಭೂಮಿತಾಯಿಯೇ ನಾಚಬೇಕು.

ಗಾಜಿನಾಚೆ ಜೋಳದಂಚಿನಲ್ಲಿ ಶ್ರೀವಿದ್ಯಾ ನಿಂತಿದ್ದಳು. ಕುತ್ತಿಗೆಯ ಹಿಂದೆ ಸೀರೆ ತೊಯ್ದಿತ್ತು. ಅವಳು ಓಡಲಿಲ್ಲ, ಅವನನ್ನೇ ನೋಡುತ್ತಿದ್ದಳು. ಅವಳಿಂದ ತನಗೇನೂ ಆಗದೆಂದು ಅವನಿಗೆ ಧೈರ್ಯವಿತ್ತು. ಮದುವೆಯಾದಾಗಿನಿಂದ ಅವಳು ಗಂಡನ ಹೆಸರು ಹಿಡಿದವಳಲ್ಲ. ಹಿಡಿದರೆ ಗಂಡನ ಆಯಸ್ಸು ಕಡಿಮೆಯಾಗುತ್ತದೆಂದು ಅವನ ತಾಯಿ ಹೇಳಿಕೊಟ್ಟಿದ್ದಳು. ಊರ ನಂಬಿಕೆಗಳನ್ನೆಲ್ಲ ಸುಲಿದು ಹಾಕಿದವನು ಅದೊಂದನ್ನು ಮಾತ್ರ ಮುಟ್ಟದೆ ಬಿಟ್ಟಿದ್ದ. ಅನುಕೂಲವಾಗಿತ್ತು.

ಶ್ರೀವಿದ್ಯಾಳ ತುಟಿ ಅಲುಗಿತು. ಕೂಗಲಿಲ್ಲ ಅವಳು. ಮೆಲ್ಲಗೆ, ಬಿಡಿಸಿ ಬಿಡಿಸಿ ಅಂದಳು.

"ಕೌಸ್ತುಭ."

ಕಾರಿನ ಹಿಂದಿನ ಸೀಟು ಕಿರುಗುಟ್ಟಿ ಕೆಳಗಿಳಿಯಿತು. ಹುಳಿ ವಾಸನೆ ತುಂಬಿಕೊಂಡಿತು. ಶಿವಕಾಂತಮ್ಮನ ಹೆಸರು ಹೇಳಲು ಬಾಯಿ ತೆರೆದ. ನಾಲಿಗೆ ಏಳಲಿಲ್ಲ. ಕೀಲಿ ತೆಗೆಯಲು ಬೆರಳು ಬರಲಿಲ್ಲ. ಕಿವಿಗೆ ತುಟಿ ತಗಲಿತು.

ಶ್ರೀವಿದ್ಯಾ ಸೆರಗು ಸರಿಮಾಡಿಕೊಂಡು ಶಿವಕಾಂತಮ್ಮನ ಕಡೆ ನಡೆದಳು. ಅವನ ಹಣೆ ಬಿದ್ದು ಕಾರಿನ ಹಾರ್ನು ಒಂದೇ ಸಮನೆ ಅರಚತೊಡಗಿದಾಗಲೂ ಅವಳು ತಿರುಗಿ ನೋಡಲಿಲ್ಲ.