ನಮ್ಮನೆಗೊಂದು ವೈನ್ ಕೂಲರ್

"ನಮ್ಮನೆಗೆ ಒಂದು ವೈನ್ ಕೂಲರ್ ತಗೊಳ್ಳೋಣ್ವಾ?"

ಅವಳು ಕೇಳಿದ್ದು ವಾರ್ತೆ ಓದುವ ದನಿಯಲ್ಲಿ. ಅದೇ ಕಷ್ಟ. ರೇಡಿಯೋದಲ್ಲಿ ವಾರ್ತೆ ಓದುವುದೇ ಅವಳ ಕೆಲಸ. ಭೂಕಂಪವನ್ನೂ ನಾಳಿನ ಹವಾಮಾನವನ್ನೂ ಒಂದೇ ಹದದಲ್ಲಿ ಹೇಳಿ ಮುಗಿಸುವ ಕಂಠ ಅವಳದು. ಆ ಕಂಠಕ್ಕೆ ಮರುಳಾಗಿಯೇ ಅವನು ಮದುವೆಯಾಗಿದ್ದ. ಆಮೇಲೆ ಗೊತ್ತಾಯಿತು, ಆ ದನಿಯಿಂದ ಒಳಗಿನದೇನನ್ನೂ ಪತ್ತೆ ಹಚ್ಚಲಾಗದು ಎಂದು. ಹಾಗಾಗಿ ಅವಳ ಕಣ್ಣು ನೋಡುವುದನ್ನು ರೂಢಿಸಿಕೊಂಡಿದ್ದ. ಈಗ ಆ ಕಣ್ಣುಗಳು ಅವನನ್ನು ಬಿಟ್ಟು ಸಿಂಕಿನ ಪಕ್ಕದ ಮೂಲೆಯನ್ನು ಅಳೆಯುತ್ತಿದ್ದವು.

"ನಮ್ಮನೇಲಿ ವೈನ್ ಕುಡಿಯೋರು ಯಾರು?"

"ನಾನು."

"ಯಾವಾಗಿಂದ?"

"ಕ್ಲಾಸಿಗೆ ಸೇರಿದಾಗಿಂದ."

"ಹಾಗಿದ್ರೆ ಇರೋ ಫ್ರಿಜ್‌ನಲ್ಲಿ ಇಡು. ಮೊಸರು ಸ್ವಲ್ಪ ಆ ಕಡೆ ಸರೀಲಿ."

"ಅದ್ರಲ್ಲಿ ತುಂಬಾ ತಣ್ಣಗಾಗತ್ತೆ ಬನ್ನು. ವಾಸನೆ ಎಲ್ಲಾ ಮುದುಡಿಕೊಂಡುಬಿಡತ್ತೆ. ಹೊರಗಿಟ್ರೆ ಸೆಕೆಗೆ ಬರೀ ಘಾಟು. ಹದವಾದ ತಂಪಲ್ಲಿ ಇಡ್ಬೇಕು, ಅದೂ ದಿನಾ ಒಂದೇ ಹದ ಇರ್ಬೇಕು ಅಂತ ಮೇಷ್ಟ್ರು ಹೇಳಿದ್ರು."

ಮೇಷ್ಟ್ರು. ಆ ಪದ ಕಿವಿಗೆ ಬಿದ್ದದ್ದೇ ತಡ, ಅವನ ಕೈಯಲ್ಲಿದ್ದ ಕಾಫಿ ಕಹಿಯಾಯಿತು.

ಅವನು ಬೇಕರಿಯವನು. ತನ್ನದೇ ಸಣ್ಣ ಅಂಗಡಿ, ತನ್ನದೇ ಒಲೆ, ಕೌಂಟರಿನಲ್ಲಿ ಕೂರಲು ತನ್ನದೇ ಅಕ್ಕ. ಅವಳು ಅವನನ್ನು ಬನ್ನು ಎನ್ನುತ್ತಿದ್ದಳು, ಅವನು ಅವಳನ್ನು ವಾರ್ತೆ ಎನ್ನುತ್ತಿದ್ದ. ಪ್ರತಿ ಬೆಳಿಗ್ಗೆ ಮೊದಲ ತಟ್ಟೆಯ ಬ್ರೆಡ್ಡಿನಲ್ಲಿ ಒಂದನ್ನು ಬಟ್ಟೆಯಲ್ಲಿ ಸುತ್ತಿ ಮನೆಗೆ ತಂದು ಅವಳ ಮೂಗಿನ ಹತ್ತಿರ ಹಿಡಿಯುತ್ತಿದ್ದ. ಅವಳು ಕಣ್ಣು ಮುಚ್ಚಿ "ಆಹಾ" ಎಂದರೆ ಅವನ ದಿನ ಶುರುವಾಗುತ್ತಿತ್ತು.

"ಆ ಮೂಲೇಲಿ ನನ್ನ ಹಿಟ್ಟಿನ ಡಬ್ಬ ಇದೆ" ಎಂದ.

"ಅಂಗಡೀಲಿ ಮೂಟೆಗಟ್ಟಲೆ ಹಿಟ್ಟಿದೆ. ಮನೇಲಿ ಯಾಕೆ?"

"ಬೇಕಾಗತ್ತೆ."

"ಯೋಚ್ನೆ ಮಾಡು" ಎಂದು ಅವಳು ಎದ್ದು ಹೋದಳು. ಹೋಗುವ ಮುಂಚೆ ಅವನ ಹುಬ್ಬಿಗೆ ಅಂಟಿದ್ದ ಹಿಟ್ಟನ್ನು ಹೆಬ್ಬೆರಳಿನಿಂದ ಒರೆಸಿದಳು. ಆ ಬೆರಳು ಇಷ್ಟು ಹಗುರಾಗಿ ತಾಕಬಾರದಿತ್ತು, ಜಗಳ ಆಡುವ ಉತ್ಸಾಹವೇ ಇಳಿದುಹೋಯಿತು.

ವೈನನ್ನು ಮೂಸಿ ರುಚಿ ನೋಡುವುದನ್ನು ಕಲಿಸುವ ಆ ಕ್ಲಾಸು ನಡೆಯುತ್ತಿದ್ದದ್ದು ಶನಿವಾರ ಸಂಜೆ, ಪೋಸ್ಟ್ ಆಫೀಸಿನ ಎದುರಿನ ವೈನ್ ಅಂಗಡಿಯಲ್ಲಿ. ಮೊದಮೊದಲು ಅವನು ತಮಾಷೆ ಮಾಡಿದ್ದ. ಆಮೇಲೆ ಒಂದೊಂದೇ ಬದಲಾವಣೆ ಕಣ್ಣಿಗೆ ಬಿತ್ತು. ಶನಿವಾರ ಬಂತೆಂದರೆ ಅವಳು ಬೇಗ ತಯಾರಾಗುತ್ತಿದ್ದಳು. ಸೆಂಟು ಹಾಕಿಕೊಳ್ಳುವುದನ್ನು ಬಿಟ್ಟಳು. ಕೇಳಿದರೆ "ಕ್ಲಾಸಲ್ಲಿ ಸೆಂಟು ಹಾಕಬಾರ್ದಂತೆ, ಮೇಷ್ಟ್ರ ರೂಲು" ಎಂದಳು. ಒಂದು ದಿನ ಒಲೆಯ ಮೇಲೆ ಹಾಲು ಉಕ್ಕಿ, ಸೀದು, ಪಾತ್ರೆ ಕರಕಲಾದರೂ ಅವಳು ಪಕ್ಕದಲ್ಲೇ ಬೆನ್ನು ತಿರುಗಿಸಿ ನಿಂತು ಫೋನ್ ನೋಡಿಕೊಂಡು ನಗುತ್ತಿದ್ದಳು. ಹಿತ್ತಲಿನಿಂದ ಅವನು ಓಡಿ ಬಂದು ಗ್ಯಾಸ್ ಆರಿಸಬೇಕಾಯಿತು.

"ಯಾರ ಮೆಸೇಜು?"

"ಮೇಷ್ಟ್ರದು. ಮುಂದಿನ ವಾರ ಏನೋ ಹೊಸ ಬಾಟ್ಲಿ ತರಿಸ್ತಾರಂತೆ."

ಹಾಲು ಸೀದ ವಾಸನೆ ಮನೆಯಿಡೀ ತುಂಬಿತ್ತು. ಇಷ್ಟರಮಟ್ಟಿಗೆ ಮೈಮರೆತಿದ್ದಾಳೆ ಎಂದರೆ ಏನರ್ಥ ಎಂದು ಅವನು ಪಾತ್ರೆ ಉಜ್ಜುತ್ತ ಯೋಚಿಸಿದ. ಪಾತ್ರೆ ಬೆಳ್ಳಗಾಯಿತು, ಯೋಚನೆ ತಿಳಿಯಾಗಲಿಲ್ಲ.

ಅಕ್ಕನ ಹತ್ತಿರ ಬಾಯಿಬಿಟ್ಟ. ಅಕ್ಕ ಚಿಲ್ಲರೆ ಜೋಡಿಸುತ್ತ, "ವೈನಿಗೆ ಬೇರೆ ಫ್ರಿಜ್ಜಾ? ನಮ್ಮ ಕಾಲದಲ್ಲಿ ಮನುಷ್ಯರಿಗೇ ಫ್ಯಾನ್ ಇರ್ಲಿಲ್ಲ ಕಣೋ" ಎಂದಳು. ಆಮೇಲೆ ಕನ್ನಡಕದ ಮೇಲಿಂದ ನೋಡಿ, "ನಿನಗೆ ಸಂಕಟ ಇರೋದು ಫ್ರಿಜ್ಜಿಂದಲೋ ಮೇಷ್ಟ್ರಿಂದಲೋ?" ಎಂದು ಕೇಳಿದಳು.

"ಕರೆಂಟ್ ಬಿಲ್ಲಿಂದ."

"ಹಾಗಾದ್ರೆ ಮೇಷ್ಟ್ರಿಂದ" ಎಂದು ಅಕ್ಕ ಗಿರಾಕಿಯ ಕಡೆ ತಿರುಗಿದಳು.

ಆ ಶನಿವಾರ ಅವನು ಡೆಲಿವರಿ ವ್ಯಾನ್ ತೆಗೆದುಕೊಂಡು ಅವಳನ್ನು ಕರೆತರುವ ನೆಪದಲ್ಲಿ ಬೇಗ ಹೊರಟ. ಅಂಗಡಿಯ ಗಾಜಿನ ಆಚೆ ಉದ್ದನೆಯ ಮೇಜು, ಸಾಲು ಗ್ಲಾಸು. ಉಳಿದ ವಿದ್ಯಾರ್ಥಿಗಳು ಎದ್ದು ಹೋಗಿದ್ದರು. ಮೇಷ್ಟ್ರು ಎಂದರೆ ಮುದುಕರಿರಬಹುದು ಎಂಬ ಸಣ್ಣ ಆಸೆ ಅವನಿಗಿತ್ತು. ಅದೂ ಹೋಯಿತು. ನೀಲಿ ಶರ್ಟಿನ ತೋಳು ಮಡಿಸಿಕೊಂಡ, ಕಿವಿಯ ಪಕ್ಕ ಚಂದಕ್ಕೆಂಬಂತೆ ಕೂದಲು ಒಂದಿಷ್ಟೇ ನರೆತ ಮನುಷ್ಯ. ಮೇಷ್ಟ್ರು ಒಂದು ಗ್ಲಾಸನ್ನು ನಿಧಾನವಾಗಿ ತಿರುಗಿಸಿ ಅವಳ ಮೂಗಿನ ಕೆಳಗೆ ಹಿಡಿದ. ಅವಳು ಕಣ್ಣು ಮುಚ್ಚಿದಳು.

ಕಣ್ಣು ತೆರೆದಾಗ ಅವಳ ಕೆನ್ನೆ ಒದ್ದೆಯಾಗಿತ್ತು. ಅಳುತ್ತಲೇ ನಗುತ್ತಿದ್ದಳು. ಮೇಷ್ಟ್ರು ಒಂದು ಟಿಶ್ಯೂ ಮುಂದೆ ಹಿಡಿದ.

ಅವನು ರಸ್ತೆ ದಾಟದೆ ಈಚೆಯೇ ನಿಂತ. ತನ್ನ ಎದುರು ಅವಳು ಹಾಗೆ ಅತ್ತು ನಕ್ಕದ್ದು ಯಾವಾಗ? ನೆನಪಾಗಲಿಲ್ಲ. ಅವಳನ್ನು ಹತ್ತಿಸಿಕೊಳ್ಳದೆ ವ್ಯಾನ್ ತಿರುಗಿಸಿ ಮನೆಗೆ ಬಂದ. ಅವಳು ಬಸ್ಸಿನಲ್ಲಿ ಬಂದು ಚಪ್ಪಲಿ ಬಿಡುತ್ತ, "ಕ್ಲಾಸು ಚೆನ್ನಾಗಿತ್ತು" ಎಂದಳು. ಅದೇ ದನಿ. ನಾಳೆ ಸಾಧಾರಣ ಮೋಡ ಕವಿದ ವಾತಾವರಣ ಎನ್ನುವ ದನಿ.

ಕೂಲರ್ ನೋಡಲು ಅವನು ಒಪ್ಪಿದ್ದು ಸುಮ್ಮನೆ ನೋಡಿ ಬರೋಣ ಎಂದು. ಭಾನುವಾರ ಷೋರೂಮಿನ ಬಾಗಿಲಲ್ಲಿ ಮೇಷ್ಟ್ರು ನಿಂತಿದ್ದ.

"ನಾನೇ ಕರೆದೆ. ಅವರಿಗೆ ಯಾವ್ದು ಒಳ್ಳೇದು ಅಂತ ಗೊತ್ತಿರತ್ತಲ್ಲ" ಎಂದಳು.

"ಹೌದೌದು. ಅವರಿಗೆ ಎಲ್ಲಾ ಗೊತ್ತು" ಎಂದ ಅವನು.

ಮೇಷ್ಟ್ರು ಕೈ ಕುಲುಕಿದ. ಮೆತ್ತಗಿನ ಕೈ. ಒಲೆಯ ಮುಂದೆ ಒಂದು ದಿನವೂ ನಿಲ್ಲದ ಕೈ ಎಂದು ಅವನು ಮನಸ್ಸಿನಲ್ಲೇ ತೀರ್ಪು ಕೊಟ್ಟ.

ವಾಷಿಂಗ್ ಮಷೀನುಗಳನ್ನು ದಾಟಿದರೆ ಕೂಲರುಗಳ ಸಾಲು. ಗಾಜಿನ ಬಾಗಿಲು, ಒಳಗೆ ನೀಲಿ ದೀಪ, ಮರದ ಪಟ್ಟಿಗಳ ಮೇಲೆ ಮಲಗಿದ ಖಾಲಿ ಬಾಟಲಿಗಳು. ಮೇಷ್ಟ್ರು ವಿವರಿಸುತ್ತ ಹೋದ: ಇದು ನಡುಗುತ್ತೆ, ಬೇಡ, ಇದಕ್ಕೆ ಹಿಂದೆ ಗಾಳಿ ಆಡೋಕೆ ಜಾಗ ಬಿಡಬೇಕು, ಇದು ಚಿಕ್ಕದು, ಸದ್ದಿಲ್ಲ. ಅವಳು ಪ್ರತಿಯೊಂದರ ಮುಂದೆಯೂ ಕೂತು ಬಾಗಿಲು ತೆಗೆದು ನೋಡುತ್ತಿದ್ದಳು. ಗಂಡ ಎನಿಸಿಕೊಂಡವನು ಹಿಂದೆ ಅವಳ ಬ್ಯಾಗು ಹಿಡಿದು ನಿಂತಿದ್ದ.

ಒಂದು ಹೊಸ ಕೂಲರಿನ ಒಳಗೆ ತಲೆ ಹಾಕಿದವಳು ಥಟ್ಟನೆ ತಿರುಗಿದಳು. ಅವನ ಕಡೆಗಲ್ಲ, ಮೇಷ್ಟ್ರ ಕಡೆಗೆ.

"ಪ್ಲಾಸ್ಟಿಕ್" ಎಂದಳು.

"ನಿಜವಾಗ್ಲೂ?"

"ಹೊಸ ಪ್ಲಾಸ್ಟಿಕ್. ಗ್ಯಾರಂಟಿ."

ಇಬ್ಬರೂ ಲಾಟರಿ ಹೊಡೆದವರಂತೆ ನಕ್ಕರು. ಅವಳ ಕಣ್ಣಲ್ಲಿ ಮತ್ತೆ ಅದೇ ನೀರು, ಅದೇ ಹೊಳಪು. ಅವರ ನಡುವೆ ತನಗೆ ತಿಳಿಯದ ಒಂದು ಭಾಷೆ ಇದೆ ಎಂದು ಅವನಿಗೆ ಸ್ಪಷ್ಟವಾಯಿತು.

"ಮೇಷ್ಟ್ರೇ, ಇದನ್ನ ನಿಮ್ಮನೇಲೇ ಇಟ್ಕೊಳ್ಳಿ. ಇವಳು ಹೇಗಿದ್ರೂ ಅಲ್ಲೇ ಇರ್ತಾಳೆ."

ಮಾರಾಟದ ಹುಡುಗಿ ಬೇರೆ ಕಡೆ ನೋಡಿದಳು. ಮೇಷ್ಟ್ರ ಮುಖ ಕೆಂಪಾಯಿತು. ಅವಳು ಕೂಲರಿನ ಬಾಗಿಲನ್ನು ಮೆಲ್ಲಗೆ ಮುಚ್ಚಿ, ಅವನ ಕೈಯಿಂದ ಬ್ಯಾಗು ತೆಗೆದುಕೊಂಡು ಹೊರಗೆ ನಡೆದಳು.

ಪಾರ್ಕಿಂಗಿನ ಅಂಚಿನಲ್ಲಿ ಒಂದು ಕಲ್ಲುಬೆಂಚು. ಅವನು ಹಿಂದೆಯೇ ಬಂದು ಒಂದು ಮಾರು ದೂರದಲ್ಲಿ ಕೂತ. ಕ್ಷಮೆ ಕೇಳಬೇಕು ಎನಿಸಿತು. ಬಾಯಿಂದ ಬಂದದ್ದು ಬೇರೆ.

"ಅಂಗಡಿ ಗಾಜಲ್ಲಿ ನೋಡಿದೆ. ಅವ್ರ ಮುಂದೆ ಅಳ್ತಿದ್ದೆ ನೀನು."

"ಹೂಂ. ಆ ಗ್ಲಾಸಲ್ಲಿ ಕಿತ್ತಳೆ ಸಿಪ್ಪೆ ವಾಸನೆ ಬಂತು. ಅದಕ್ಕೆ."

"ಕಿತ್ತಳೆ ಸಿಪ್ಪೆಗೆ ಯಾರು ಅಳ್ತಾರೆ?"

ಅವಳು ಬ್ಯಾಗನ್ನು ತೊಡೆಯ ಮೇಲೆ ಎಳೆದುಕೊಂಡಳು. ಮಾತಾಡಿದಾಗ ಆ ದನಿ ಅವನಿಗೆ ಅಪರಿಚಿತವಾಗಿತ್ತು, ನಡುವೆ ಒಡೆಯುತ್ತಿತ್ತು.

"ಹೋದ ವರ್ಷ ಜ್ವರ ಬಂದಿತ್ತಲ್ಲ. ಜ್ವರ ಬಿಡ್ತು. ಮೂಗು ಹೋಯ್ತು. ಏನೂ ಗೊತ್ತಾಗ್ತಿರ್ಲಿಲ್ಲ ಬನ್ನು. ಸೋಪು, ಸಾರು, ಹೊಗೆ, ಏನೂ. ಆವತ್ತು ಹಾಲು ಸೀದಿದ್ದು ಪಕ್ಕದಲ್ಲೇ ಇದ್ದ ನಂಗೆ ಗೊತ್ತಾಗ್ಲಿಲ್ಲ. ನೀನು ಓಡಿ ಬಂದಾಗಲೇ ತಿರುಗಿ ನೋಡಿದ್ದು."

ಅವನು ಅವಳ ಕಡೆ ತಿರುಗಿದ.

"ದಿನಾ ಬೇರೆ ಬೇರೆ ವಾಸನೆ ಮೂಸಿ ಅಭ್ಯಾಸ ಮಾಡಿ ಅಂದ್ರು ಡಾಕ್ಟ್ರು. ಬರಬೋದು, ಬರದೇನೂ ಇರಬೋದು ಅಂದ್ರು. ಅದಕ್ಕೇ ಆ ಕ್ಲಾಸು. ಮೇಷ್ಟ್ರಿಗೆ ಮೊದಲ್ನೇ ದಿನವೇ ಹೇಳಿದೆ."

"ಅವ್ರಿಗೆ ಹೇಳ್ದೆ. ನಂಗೆ ಹೇಳ್ಲಿಲ್ಲ."

"ಅವ್ರಿಗೆ ಹೇಳೋದು ಸುಲಭ. ಅವರು ಯಾರೋ."

"ಮತ್ತೆ ನಾನು ತರೋ ಬ್ರೆಡ್ಡು? ದಿನಾ ಆಹಾ ಅಂತಿದ್ಯಲ್ಲ."

ಅವಳು ತಲೆ ತಗ್ಗಿಸಿದಳು. "ಬೆಳಗಿನ ಪಾಳಿ ಮುಗಿಸ್ಕೊಂಡು ಬರುವಾಗ ಆ ವಾಸನೆ ಹಿಡ್ಕೊಂಡೇ ನಾನು ಮೊದಲ್ನೇ ಸಲ ನಿನ್ನ ಅಂಗಡಿ ಒಳಗೆ ಬಂದಿದ್ದು. ಅದೇ ಹೋಯ್ತು ಅಂದ್ರೆ ನೀನು ಏನಂದ್ಕೋತೀಯೋ ಅಂತ ಭಯ. ಕಿತ್ತಳೆ ಬಂತು, ಹೊಗೆ ಬಂತು, ಇವತ್ತು ಪ್ಲಾಸ್ಟಿಕ್ ಬಂತು. ನಿನ್ನ ಬ್ರೆಡ್ಡು ಮಾತ್ರ ಇನ್ನೂ ಬಂದಿಲ್ಲ. ಅವರ ವೈನ್ ಬಂತು, ನಿನ್ನದು ಬರ್ಲಿಲ್ಲ ಅಂತ ಯಾವ ಬಾಯಲ್ಲಿ ಹೇಳ್ಲಿ?"

ಅದು ಅವನಿಗೆ ನಾಟಿತು. ನಾಟಿದ್ದನ್ನು ಮುಚ್ಚಿಡಲು ಅವನು ಪಾರ್ಕಿಂಗಿನಲ್ಲಿ ಹಿಂದಕ್ಕೆ ಬರುತ್ತಿದ್ದ ಕಾರನ್ನು ನೋಡಿದ. ತನ್ನ ಬ್ರೆಡ್ಡಿಗಿಂತ ಮೊದಲು ಒಂದು ಪ್ಲಾಸ್ಟಿಕ್ ಡಬ್ಬ ಅವಳನ್ನು ತಲುಪಿತ್ತು.

"ಪ್ರೀತೀನೂ ಹೋಗಿದ್ಯಾ?" ಎಂದು ಕಾರನ್ನೇ ನೋಡುತ್ತ ಕೇಳಿದ.

"ಹೋಗಿದ್ರೆ ದಿನಾ ಬೆಳಿಗ್ಗೆ ಎದ್ದು ಸುಳ್ಳು ಹೇಳೋ ಕಷ್ಟ ಯಾಕೆ ಪಡ್ತಿದ್ದೆ?"

ಅವನು ಬೆಂಚಿನ ಮೇಲೆ ಸರಿದು ಅವಳ ಪಕ್ಕಕ್ಕೆ ಬಂದ. ಭುಜಕ್ಕೆ ಭುಜ ತಾಗಿತು.

"ಒಳಗೆ ಹಾಗೆ ಅಂದಿದ್ದು ತಪ್ಪು" ಎಂದ. "ಆದ್ರೂ ಒಂದು ಮಾತು. ಅವ್ರ ಮೇಲೆ ಈಗ ಇನ್ನೂ ಜಾಸ್ತಿ ಹೊಟ್ಟೆ ಉರೀತಿದೆ. ನಿನ್ನ ಕಷ್ಟ ನನಗಿಂತ ಮುಂಚೆ ಅವ್ರಿಗೆ ಗೊತ್ತಾಯ್ತಲ್ಲ ಅಂತ."

"ಅದಕ್ಕೆ ಹೊಟ್ಟೆ ಉರ್ಕೋ. ಅದು ನ್ಯಾಯ" ಎಂದಳು. ಅವಳ ತುಟಿಯ ಮೂಲೆಯಲ್ಲಿ ನಗು ಇಣುಕಿ ಮಾಯವಾಯಿತು. ಅವನು ಅದನ್ನು ಬಿಡದೆ ಹಿಡಿದ.

ಇಬ್ಬರೂ ಷೋರೂಮಿಗೆ ಮರಳಿದಾಗ ಮೇಷ್ಟ್ರು ಇನ್ನೂ ಅದೇ ಕೂಲರಿನ ಮುಂದೆ, ಹೋಗಲೂ ಆಗದೆ ಇರಲೂ ಆಗದೆ ನಿಂತಿದ್ದ. ಅವನು ಹತ್ತಿರ ಹೋಗಿ, "ಬಾಯಿಗೆ ಬಂದದ್ದು ಅಂದ್ಬಿಟ್ಟೆ. ಮನಸ್ಸಿಗೆ ಹಚ್ಕೋಬೇಡಿ" ಎಂದ.

"ಹೇಳಿದ್ರಾ ನಿಮಗೆ?"

"ಈಗ ಹೇಳಿದ್ಲು."

ಮೇಷ್ಟ್ರು ಉಸಿರು ಬಿಟ್ಟ. "ಎಷ್ಟು ಸಲ ಅಂದೆ ಮನೇಲಿ ಹೇಳಿ ಅಂತ. ಯಾವ ಗ್ಲಾಸ್ ಕೊಟ್ರೂ ಇವರದ್ದು ಒಂದೇ ಪ್ರಶ್ನೆ. ಇದ್ರಲ್ಲಿ ಬ್ರೆಡ್ ವಾಸನೆ ಇದ್ಯಾ? ಯೀಸ್ಟ್ ಇದ್ಯಾ? ಯೀಸ್ಟ್ ಜೊತೆ ವರ್ಷಗಟ್ಟಲೆ ಇಟ್ಟ ವೈನ್ ಇರತ್ತೆ, ಬಿಸಿ ಬ್ರೆಡ್ ಥರಾನೇ ಇರತ್ತೆ. ಅದು ಸಿಗೋ ತನಕ ನನ್ನ ಬಿಡಲ್ಲ ಅಂದ್ರು. ಹೊಸ ಬಾಟ್ಲಿ ತರಿಸ್ತಿರೋದು ಅದಕ್ಕೇ. ನಿಜ ಹೇಳ್ಲಾ? ನಿಮ್ಮ ಅಂಗಡಿ ಬಗ್ಗೆ ಕೇಳೀ ಕೇಳೀ ನನಗೇ ಹೊಟ್ಟೆಕಿಚ್ಚು ಬಂದಿತ್ತು."

ಅವನು ಅವಳ ಕಡೆ ನೋಡಿದ. ಅವಳು ಅಷ್ಟು ದೂರದಲ್ಲಿ ವಾಷಿಂಗ್ ಮಷೀನೊಂದರ ಸ್ವಿಚ್ಚುಗಳನ್ನು ತುಂಬಾ ಗಮನವಿಟ್ಟು ಓದುತ್ತಿದ್ದಳು. ಕಿವಿ ಕೆಂಪಾಗಿತ್ತು.

"ಆ ಚಿಕ್ಕದು, ಸದ್ದು ಮಾಡಲ್ಲ ಅಂದ್ರಲ್ಲ, ಅದು ಸಾಕಾ ಅವಳಿಗೆ?" ಎಂದು ಕೇಳಿದ.

"ಸಾಕು. ಒಂದೇ ಹದದಲ್ಲಿ ಇರತ್ತೆ. ದಿನಾ ಒಂದೊಂದು ಗುಟುಕು, ಅಷ್ಟೇ."

ಅವಳು ಬಂದು ನಡುವೆ ಬಾಯಿ ಹಾಕಿದಳು. "ಬೇಡ ಬಿಡು. ಕರೆಂಟ್ ಬಿಲ್ಲು, ಜಾಗ, ಅದೂ ಇದೂ ಅಂತಿದ್ದೆ."

"ಜಾಗ ನಾನು ಮಾಡ್ತೀನಿ" ಎಂದು ಅವನು ಮಾರಾಟದ ಹುಡುಗಿಯನ್ನು ಕರೆದ.

ಕೂಲರ್ ಮುಂದಿನ ವಾರ ಮನೆಗೆ ಬಂತು. ಹಿಟ್ಟಿನ ಡಬ್ಬವನ್ನು ಅವನೇ ಹೊತ್ತು ಅಂಗಡಿಗೆ ಸಾಗಿಸಿದ. ಅಕ್ಕ ನೋಡಿ, "ಮೇಷ್ಟ್ರು ಗೆದ್ರಾ?" ಎಂದಳು. "ವಾರ್ತೆ ಗೆದ್ಲು" ಎಂದ.

ಮಧ್ಯಾಹ್ನದ ಬಿಸಿಲು ಅಡುಗೆಮನೆಯ ನೆಲದ ಮೇಲಿತ್ತು. ಇಬ್ಬರೂ ಕೂಲರಿನ ಮುಂದೆ ಕಾಲು ಚಾಚಿ ಕೂತರು. ಅವಳು ಗ್ಲಾಸನ್ನು ಮೂಸಿ, "ಕಿತ್ತಳೆ. ಆಮೇಲೆ ಏನೋ ಹುಲ್ಲು" ಎಂದಳು. ಅವನು ಮೂಸಿ, "ವೈನು" ಎಂದ. ಅವಳು ಅವನ ತೊಡೆಗೆ ಮೆಲ್ಲಗೆ ಹೊಡೆದಳು.

ಆಮೇಲೆ ಗ್ಲಾಸು ಕೆಳಗಿಟ್ಟು, ಅವನ ಮುಖ ನೋಡದೆ ಕೇಳಿದಳು: "ನಂಗೆ ನನ್ನ ವಾಸನೇನೇ ಗೊತ್ತಿಲ್ಲ ಈಗ. ಜನರ ಮಧ್ಯೆ ನಿಲ್ಲೋಕೂ ಹೆದರಿಕೆ ಆಗತ್ತೆ. ನಾನು ಹೇಗಿದೀನಿ?"

ಅವನು ಹತ್ತಿರ ಸರಿದು ಬಾಗಿದ. ಕಿವಿಯ ಹಿಂದೆ, ಕೂದಲಲ್ಲಿ, ಹೆಗಲ ಮೇಲೆ. ನಾದಿದ ಹಿಟ್ಟು ಹದಕ್ಕೆ ಬಂತೇ ಎಂದು ನೋಡುವಾಗಿನ ಅದೇ ತಾಳ್ಮೆ.

"ಬಿಸಿಲಿಗೆ ಹಾಕಿ ಒಳಗೆ ತಂದ ದುಪ್ಪಟಿ. ಸ್ವಲ್ಪ ಸೋಪು. ಕೂದಲಲ್ಲಿ ಸ್ಟುಡಿಯೋದ ಹಳೇ ಕಾರ್ಪೆಟ್ಟು."

"ಕಾರ್ಪೆಟ್ಟಾ? ಚೆಂದ ಮಾಡಿ ಹೇಳ್ಬಾರ್ದಾ?"

"ಇನ್ಮೇಲೆ ಈ ಮನೇಲಿ ಚೆಂದ ಮಾಡಿ ಹೇಳೋದು ಬಂದ್."

"ಮತ್ತೆ?"

ಅವನ ಮೂಗು ಅವಳ ಕೊರಳ ಬಳಿ ನಿಂತಿತು. "ಇಲ್ಲೊಂದು ಇದೆ. ಅದಕ್ಕೆ ಹೆಸರಿಲ್ಲ. ಬೇರೆ ಎಲ್ಲೂ ನಾನು ಅದನ್ನ ಕಂಡಿಲ್ಲ."

ಅವಳು ತಲೆ ತುಸು ವಾಲಿಸಿದಳು. ಕಣ್ಣಂಚಿನಿಂದ ಅವನನ್ನು ನೋಡಿದಳು. "ಮೇಷ್ಟ್ರನ್ನ ಕೇಳೋಣ್ವಾ? ಅವರು ಎಲ್ಲದಕ್ಕೂ ಹೆಸರು ಹೇಳ್ತಾರೆ."

"ಅವರು ಇಷ್ಟು ಹತ್ರ ಬಂದ್ರೆ ಅಷ್ಟೇ ಕತೆ" ಎಂದ ಅವನು, ಕೊರಳಿನಿಂದ ಮುಖ ಎತ್ತದೆ.

ಅವಳು ನಕ್ಕಳು. ರೇಡಿಯೋದಲ್ಲಿ ಯಾರೂ ಕೇಳದ ನಗು ಅದು, ಅಂಕೆಯಿಲ್ಲದೆ ಬಂದು ಅವನ ಕೂದಲ ಮೇಲೆ ಬಿತ್ತು.