ಕೆಂಪು ಓಲೆಯ ಒಂಬತ್ತು ಕುರಿ

ಒಂಬತ್ತನೆಯ ಕುರಿ ಬೆಳಿಗ್ಗೆ ಎಂಟೂವರೆಗೆ ಸತ್ತಿತು. ಅದೂ ಎಎಸ್‌ಐ ಕೊಟ್ರಯ್ಯನ ಬೂಟಿನ ಪಕ್ಕದಲ್ಲೇ.

ಗಾದಿಗನೂರಿನ ಹೊರಗೆ, ಸಂಡೂರು ಗುಡ್ಡ ಕಾಣುವ ಬಯಲಿನಲ್ಲಿ ಸಂಗಮ್ಮನ ಕುರಿಹಟ್ಟಿ. ಉಳಿದ ಎಂಟು ಹೆಣಗಳನ್ನು ಮುಳ್ಳುಬೇಲಿಯ ಪಕ್ಕ ಸಾಲಾಗಿ ಮಲಗಿಸಿದ್ದರು. ಕೊಟ್ರಯ್ಯ ಮೂಗಿಗೆ ಕರ್ಚೀಫು ಒತ್ತಿಕೊಂಡು ಬಗ್ಗಿ ನೋಡಿದ. ಕಣ್ಣಿನ ಬಿಳಿಭಾಗ ಅರಿಶಿನ ಬಳಿದ ಹಾಗೆ ಹಳದಿ. ನೆಲದ ಮೇಲೆ ಮೂತ್ರದ ಕಲೆ, ಕಾಫಿ ಡಿಕಾಕ್ಷನ್ನಿನ ಬಣ್ಣದ್ದು. ಒಂಬತ್ತು ಕುರಿಗಳ ಕಿವಿಯಲ್ಲೂ ಕೆಂಪು ಪ್ಲಾಸ್ಟಿಕ್ ಓಲೆ.

"ಬರಕೊಳ್ರಿ ಸಾಹೇಬ್ರ," ಎಂದಳು ಸಂಗಮ್ಮ. ಅತ್ತೂ ಅತ್ತೂ ಅವಳ ದನಿ ಒಡೆದಿತ್ತು. "ಆ ಡಾಕ್ಟರಮ್ಮನ ಸೂಜಿನ ಕೊಂದೈತಿ. ಹಳದಿ ಓಲೆವು ನಲವತ್ತು ಅದಾವ, ಒಂದಕ್ಕೂ ಏನೂ ಆಗಿಲ್ಲ. ಕೆಂಪು ಓಲೆವು ಅಷ್ಟ ಸಾಯಾಕತ್ಯಾವ. ಇನ್ನೇನು ಬೇಕ್ರಿ ನಿಮಗ ಸಾಕ್ಷಿ?"

ಸಂಗತಿ ಇಷ್ಟು. ನಾಲ್ಕು ವಾರದ ಹಿಂದೆ ಪಶುವೈದ್ಯೆ ಡಾ. ಸುಧಾರಾಣಿ ಇಲ್ಲಿಗೆ ಬಂದಿದ್ದಳು. ಕುರಿಗಳ ನೀಲಿ ನಾಲಿಗೆ ರೋಗಕ್ಕೆ ಹೊಸ ಲಸಿಕೆಯೊಂದರ ಪರೀಕ್ಷೆ ನಡೆಸುತ್ತಿದ್ದಳು. ಎಂಬತ್ತು ಕುರಿಗಳಲ್ಲಿ ಅರ್ಧಕ್ಕೆ ಲಸಿಕೆ, ಅರ್ಧಕ್ಕೆ ಬರೀ ಉಪ್ಪುನೀರು. ಗುರುತಿಗೆ ಕೆಂಪು ಓಲೆ, ಹಳದಿ ಓಲೆ. ಮೂರು ದಿನದ ಹಿಂದೆ ಮತ್ತೆ ಬಂದು ಎಲ್ಲವನ್ನೂ ಹಿಡಿಸಿ ರಕ್ತ ತೆಗೆದುಕೊಂಡು ಹೋದಳು. ಮಾರನೆಯ ದಿನವೇ ಸಾವು ಶುರುವಾಯಿತು.

ಇಪ್ಪತ್ತಾರು ವರ್ಷದ ಸರ್ವಿಸಿನಲ್ಲಿ ಕೊಟ್ರಯ್ಯ ಮೋಟಾರು ಕಳ್ಳರನ್ನು ಹಿಡಿದಿದ್ದ, ಅದಿರು ಲಾರಿಗಳನ್ನು ಅಡ್ಡಗಟ್ಟಿದ್ದ. ಕುರಿ ಕೊಲೆ ಮಾತ್ರ ಇದೇ ಮೊದಲು. 'ಇದೆಂಥಾ ಕರ್ಮನಪ್ಪಾ' ಅಂದುಕೊಂಡು ದೂರು ಬರೆದುಕೊಂಡ.

*

"ಕೆಂಪು ಓಲೆಗೆ ಏನು ಹಾಕಿದ್ರಿ ಮೇಡಂ? ಲಸಿಕೇನೋ, ಉಪ್ಪನೀರೋ?"

"ಗೊತ್ತಿಲ್ಲ," ಎಂದಳು ಸುಧಾರಾಣಿ.

ಹೊಸಪೇಟೆಯ ಅವಳ ಕಚೇರಿಯಲ್ಲಿ ಫ್ಯಾನು ಕಿರ್ರೆನ್ನುತ್ತಿತ್ತು. ಎರಡು ದಿನದಿಂದ ನಿದ್ದೆ ಇಲ್ಲದ ಮುಖ ಅವಳದು. ಕೊಟ್ರಯ್ಯ ಪೆನ್ನು ಎತ್ತಿ ಹಾಗೇ ಹಿಡಿದುಕೊಂಡ.

"ಗೊತ್ತಿಲ್ಲ ಅಂದ್ರ?"

"ಎರಡೂ ಬಾಟ್ಲಿ ಒಂದ ನಮೂನಿ ಇರ್ತಾವ್ರಿ. ಒಂದರ ಮ್ಯಾಲೆ ಕೆಂಪು ಚುಕ್ಕಿ, ಇನ್ನೊಂದರ ಮ್ಯಾಲೆ ಹಳದಿ ಚುಕ್ಕಿ. ಯಾವುದರಾಗ ಏನೈತಿ ಅನ್ನೋದು ಲಕೋಟೆಯೊಳಗ ಸೀಲ್ ಆಗಿ ಪರೀಕ್ಷಾ ಸಮಿತಿಯವರ ಕಡೆ ಐತಿ."

"ಹಾಕಿದವರಿಗೇ ಗೊತ್ತಿಲ್ಲಂದ್ರ ಮತ್ಯಾರಿಗ್ರಿ ಗೊತ್ತು?"

"ಯಾರಿಗೂ ಗೊತ್ತಿರಬಾರದು. ಅದ ನಿಯಮ. ಲಸಿಕೆ ಹಾಕಿದ ಕುರಿ ಯಾವುದು ಅಂತ ಗೊತ್ತಾದ್ರ, ಅದನ್ನ ನಾವ ಜಾಸ್ತಿ ಚಲೋ ನೋಡ್ಕೊಂತೀವಿ. ಇಲ್ಲಾ, ಅದಕ್ಕ ಏನೂ ಆಗಿಲ್ಲ ಅಂತ ನಮಗ ನಾವ ಹೇಳ್ಕೊಂತೀವಿ."

ಕೊಟ್ರಯ್ಯನ ತಲೆ ಗಿರ್ರೆಂದಿತು. ಕೊಲೆ ಆರೋಪ ಹೊತ್ತವರು 'ನಾನಲ್ಲ' ಅನ್ನುವುದನ್ನು ಕೇಳಿದ್ದ. 'ನಾನೋ ಅಲ್ಲವೋ ನನಗೇ ಗೊತ್ತಿಲ್ಲ' ಅನ್ನುವವರನ್ನು ಇದೇ ಮೊದಲು ನೋಡುತ್ತಿದ್ದ. ಇವಳನ್ನು ನಂಬಬೇಕೋ ಬೇಡವೋ?

"ಸಾವಿಗೆ ಕಾರಣ?"

"ಕೊಯ್ದು ನೋಡೀನಿ. ಮೂತ್ರಪಿಂಡ ಕಲ್ಲಿದ್ದಲಿನಂಗ ಕಪ್ಪಾಗ್ಯಾವ. ಉಣ್ಣಿ ಜ್ವರನೂ ಆಗಬಹುದು, ವಿಷನೂ ಆಗಬಹುದು. ಯಕೃತ್ತಿನ ತುಂಡು ಲ್ಯಾಬಿಗೆ ಹೋಗೈತಿ." ಅವಳು ಮುಂದಕ್ಕೆ ಬಾಗಿದಳು. "ನನ್ನ ನೌಕರಿ ಹಾಳಾಗಿ ಹೋಗ್ಲಿ ಸರ್. ಇನ್ನೂ ಮೂವತ್ತೊಂದು ಕೆಂಪು ಓಲೆ ಕುರಿ ಜೀವಂತ ಅದಾವ. ಕಾರಣ ಬೇಗ ತಿಳೀಲಿಲ್ಲಂದ್ರ ಅವೂ ಉಳಿಯೂದಿಲ್ಲ. ಕಂಪ್ಲಿ ಗದ್ದಿ ಕಡೆ ನೀಲಿ ನಾಲಿಗೆ ರೋಗ ಬಂದು ಕುಂತೈತಿ. ಇಲ್ಲಿ ನೋಡಿದ್ರ, ಯಾವ ಲಸಿಕೆನೂ ಬ್ಯಾಡ ಅಂತ ಹನ್ನೆರಡು ಹಳ್ಳಿಯವರು ಬಾಗಿಲು ಹಾಕ್ಯಾರ."

"ಆ ಲಕೋಟೆ ಒಡಸಾಕ ಆಗೂದಿಲ್ಲೇನು?"

"ಕೇಳೀನಿ. ನಾಳೆ ಸಂಜಿಗೆ ಒಡೀತಾರ."

*

ಮಧ್ಯಾಹ್ನ ಕೊಟ್ರಯ್ಯ ಮತ್ತೆ ಹಟ್ಟಿಗೆ ಹೋದ. ಸಂಗಮ್ಮನ ಅಣ್ಣ ಎರ್ರೆಪ್ಪ ಕುರಿಗಳಿಗೆ ನೀರು ಬಿಡುತ್ತಿದ್ದ. ಕುರಿ ತಂಗಿಯವು, ಕಾಯುವವನು ಅಣ್ಣ. ಅರವತ್ತು ದಾಟಿದ ಮನುಷ್ಯ. ಕುರಿಯ ವಿಷಯದಲ್ಲಿ ಎರ್ರೆಪ್ಪ ಹೇಳಿದ್ದೇ ವೇದ ಎಂದು ಸುತ್ತಲಿನ ಊರವರೆಲ್ಲ ಅನ್ನುತ್ತಿದ್ದರು.

ಟ್ಯಾಂಕರ್ ನೀರು ತೊಟ್ಟಿಗೆ ಬಿತ್ತು. ಎರ್ರೆಪ್ಪ ಮೊದಲು ಬೊಗಸೆಯಲ್ಲಿ ಎತ್ತಿ ತಾನು ಬಾಯಿಗೆ ಹಾಕಿಕೊಂಡ, ಮುಕ್ಕಳಿಸಿದ, ಆಮೇಲೆ ಕುರಿಗಳನ್ನು ಬಿಟ್ಟ.

"ಇದೇನ್ರಿ ಯಜಮಾನ್ರ?"

"ಗಣಿ ಧೂಳಿನ ಸೀಮಿ ಸಾಹೇಬ್ರ. ಯಾವ ನೀರಾಗ ಏನೈತೋ. ನನ್ನ ನಾಲಿಗಿ ಒಪ್ಪದ್ದು ಒಂದು ಹನಿನೂ ಇವುಗಳ ಮೈಯಾಗ ಹೋಗಬಾರದು. ನಮ್ಮಪ್ಪ ಕಲಿಸಿದ್ದು." ಅವನು ಅತ್ತಿತ್ತ ನೋಡಿದ. ಸಂಗಮ್ಮ ದೂರದಲ್ಲಿದ್ದಳು. ದನಿ ತಗ್ಗಿಸಿದ. "ಒಂದು ಮಾತು ಕೇಳ್ತೀನಿ, ತಂಗಿ ಮುಂದ ಅನಬ್ಯಾಡ್ರಿ. ಉಳಿದ ಕೆಂಪು ಓಲೆ ಕುರಿಗೆ ಡಾಕ್ಟರಮ್ಮ ಆ ಲಸಿಕಿ ಹಾಕ್ತಾರೇನು? ಕಂಪ್ಲಿಯಾಗ ಬ್ಯಾನಿ ಬಂದೈತಂತ."

ಕೊಟ್ರಯ್ಯ ಹುಬ್ಬೇರಿಸಿದ. ತಂಗಿ ನೋಡಿದರೆ ಸೂಜಿಯೇ ಯಮ ಅನ್ನುತ್ತಾಳೆ. ಅಣ್ಣ ಅದೇ ಸೂಜಿ ಇನ್ನೊಮ್ಮೆ ಹಾಕಿಸಿ ಅನ್ನುತ್ತಾನೆ. ಮುದುಕನಿಗೆ ದುಃಖದಲ್ಲಿ ಅರಳುಮರಳಾಗಿರಬೇಕು ಅಂದುಕೊಂಡ.

"ಕೇಳಿ ಹೇಳ್ತೀನ್ರಿ," ಎಂದು ಜೀಪು ಹತ್ತಿದ.

*

ಮಾರನೆಯ ದಿನ ಹನ್ನೊಂದಕ್ಕೆ ಸುಧಾರಾಣಿಯ ಫೋನು ಬಂತು.

"ತಾಮ್ರ, ಸರ್! ಯಕೃತ್ತಿನಾಗ ಇರಬೇಕಾದ್ದಕ್ಕಿಂತ ಎಷ್ಟೋ ಪಟ್ಟು ತಾಮ್ರ ಐತಿ. ಯಾರೋ ಮೈಲುತುತ್ತ ತಿನಿಸ್ಯಾರ."

ಮೈಲುತುತ್ತ! ತಾಮ್ರದ ಆ ನೀಲಿ ಹರಳು ಕೊಟ್ರಯ್ಯನಿಗೂ ಗೊತ್ತು. ಸುಣ್ಣದ ಜೊತೆ ಕಲಸಿ ಬೆಳೆಗೆ ಹೊಡೆಯುತ್ತಾರೆ. ಹಂಪಿ ಕಡೆಯ ಬಾಳೆತೋಟದವರ ಮನೆಯಲ್ಲಿ ಡ್ರಮ್ಮುಗಟ್ಟಲೆ ಇರುತ್ತದೆ. ತಟ್ಟನೆ ಅವನಿಗೆ ದೂರು ಬರೆಸುವಾಗ ಸಂಗಮ್ಮ ಹೇಳಿದ್ದ ಮಾತು ನೆನಪಾಯಿತು. ಒಂದೂವರೆ ತಿಂಗಳ ಹಿಂದೆ ಗೊಬ್ಬರಕ್ಕೆಂದು ತೋಟಪ್ಪ ಎಂಬುವನ ಹೊಲದಲ್ಲಿ ಕುರಿಮಂದೆ ನಿಲ್ಲಿಸಿದ್ದರು. ಕುರಿಗಳು ಪಕ್ಕದ ಅವನ ಬಾಳೆತೋಟಕ್ಕೆ ನುಗ್ಗಿದ್ದಕ್ಕೆ 'ಒಂದನ್ನೂ ಉಳಿಸೂದಿಲ್ಲ' ಎಂದು ತೋಟಪ್ಪ ಕೂಗಾಡಿದ್ದ. ಬೆಣ್ಣೆಯಲ್ಲಿ ಕೂದಲು ತೆಗೆದಂತೆ ಕೇಸು ಮುಗಿಯಿತು ಎಂದು ಹಿಗ್ಗಿ ಕೊಟ್ರಯ್ಯ ಹಂಪಿ ದಾರಿ ಹಿಡಿದ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಪೊಲೀಸರನ್ನು ಕಂಡಿದ್ದೇ ತೋಟಪ್ಪ ನೀಲಿ ಡ್ರಮ್ಮಿನ ಮುಂದೆ ಹೋಗಿ ನಿಂತ.

"ಸಿಟ್ಟಿನಾಗ ಅಂದಿದ್ದೆ ಸಾಹೇಬ್ರ. ಮಾಡಿಲ್ಲ."

"ಬಾಳಿ ಎಲಿಗೆ ಮೈಲುತುತ್ತ ಹೊಡದಿದ್ದೇನು?"

"ಹೊಡದಿದ್ದೆ. ಎಲಿಚುಕ್ಕಿ ರೋಗ ಬಂದಿತ್ತು."

"ಕುರಿ ಅದನ್ನ ತಿಂದಾವ. ಸತ್ತಾವ."

"ಹಂಗಂದ್ರ ಹೆಂಗ್ರಿ?" ತೋಟಪ್ಪ ರೇಗಿದ. "ನನ್ನ ತ್ವಾಟಕ್ಕ ನುಗ್ಗಿದ್ದು ಎಂಬತ್ತು ಕುರಿ! ಆವಾಗ ಯಾವ ಕಿವ್ಯಾಗೂ ಓಲಿ ಇದ್ದಿಲ್ಲ. ನನ್ನ ಎಲಿ ತಿಂದು ಸಾಯೂದಾದ್ರ ಎಲ್ಲಾನೂ ಸಾಯಬೇಕಲ್ಲ? ಕೆಂಪು ಓಲಿ ಬೀಳೂವು ಅಷ್ಟ ಎಲಿ ತಿಂದ್ವೇನು?"

ಹೌದಲ್ಲ! ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಲು ಹೊರಟಿದ್ದೇನೆ ಅನಿಸಿ ಕೊಟ್ರಯ್ಯನಿಗೆ ನಾಚಿಕೆಯಾಯಿತು. ತೋಟಪ್ಪ ಕೊಟ್ಟ ಬಾಳೆಹಣ್ಣನ್ನೂ ತಿನ್ನದೆ ಹಿಂದಿರುಗಿದ.

*

ಸಂಜೆ ಸಮಿತಿಯವರು ಲಕೋಟೆ ಒಡೆದಾಗ ಕೊಟ್ರಯ್ಯ ಹೊಸಪೇಟೆಯ ಕಚೇರಿಯಲ್ಲಿದ್ದ. ಫೋನು ಕೆಳಗಿಟ್ಟ ಸುಧಾರಾಣಿಯ ಮುಖ ಇನ್ನಷ್ಟು ಗೊಂದಲಕ್ಕೆ ಬಿದ್ದಿತ್ತು.

"ಕೆಂಪು ಓಲೆಗೆ ಹಾಕಿದ್ದು ಉಪ್ಪನೀರು ಸರ್. ಸತ್ತ ಒಂದು ಕುರಿಗೂ ಲಸಿಕೆ ಬಿದ್ದಿಲ್ಲ!"

"ಅಂದ್ರ ನಿಮ್ಮ ಸೂಜಿ ತಪ್ಪಲ್ಲ."

"ಅಲ್ಲ. ಆದ್ರ ಮೈಲುತುತ್ತ ಕೆಂಪು ಓಲೆ ಕುರಿಗಷ್ಟ ಹೆಂಗ ಹೋತು? ಎಲ್ಲಾ ಒಂದ ಹಟ್ಟ್ಯಾಗ ಇರ್ತಾವ."

"ಒಂದ ಸಲಕ್ಕ ಕುಡಿಸಿದ್ದಾ?"

"ಇಲ್ರಿ. ಕುರಿ ಮೈಯಾಗ ತಾಮ್ರ ದಿನಾ ಇಷ್ಟಿಷ್ಟ ಸೇರ್ಕೊಂತ ಹೋಗ್ತೈತಿ. ವಾರಗಟ್ಟಲೆ ಹೊರಗ ಏನೂ ಕಾಣೂದಿಲ್ಲ. ಓಡಿಸಿ, ಹಿಡಿದು, ಹೆದರಿಸಿದ್ವೋ, ಒಮ್ಮೆಲೆ ರಕ್ತಕ್ಕ ಬಿಡ್ತೈತಿ. ನಾನು ರಕ್ತ ತೆಗಿಯಾಕ ಹಿಡಿಸಿದ ಮರುದಿನ ಸತ್ವು. ನಾನ ಕಾರಣ ಅಂತ ಮಂದಿ ಅಂದಿದ್ದು ಪೂರಾ ಸುಳ್ಳೇನಲ್ಲ."

ಕೊಟ್ರಯ್ಯ ಕುರ್ಚಿಗೆ ಒರಗಿದ. ತಲೆಯೊಳಗೆ ಕೆಂಪು, ಹಳದಿ, ನೀಲಿ ಎಲ್ಲ ಕಲಸಿ ಹೋಳಿಯಾಗಿತ್ತು. ನಿಧಾನವಾಗಿ ಒಂದೊಂದೇ ಬೇರ್ಪಡಿಸಿದ. ವಾರಗಟ್ಟಲೆ, ದಿನವೂ, ಓಲೆ ನೋಡಿ ನೋಡಿ ತಿನ್ನಿಸಬೇಕಾದರೆ ಹೊರಗಿನವರ ಕೈಲಿ ಆಗುವುದಿಲ್ಲ. ನಾಯಿ ಬೊಗಳುತ್ತದೆ, ಕುರಿ ಓಡುತ್ತದೆ. ಹಾಗಾದರೆ ಹಟ್ಟಿಯವರೇ. ಸಂಗಮ್ಮ, ಇಲ್ಲವೇ ಎರ್ರೆಪ್ಪ.

ತಕ್ಷಣ ಎದ್ದು ಕುಳಿತ.

"ಮೇಡಂ, ಸೂಜಿ ಸಾಯಿಸ್ತೈತಿ ಅಂತ ನಂಬಿದ ಮನುಷ್ಯ, ಉಳಿದ ಕುರಿಗೆ ಅದನ್ನ ಹಾಕ್ಸಿ ಅಂತ ಕೇಳ್ತಾನೇನು?"

"ಯಾಕ ಕೇಳ್ತಾನ?"

"ಎರ್ರೆಪ್ಪ ನಿನ್ನೆ ಕೇಳಿದ. ಕೆಂಪು ಓಲೆವಕ್ಕ ಅಷ್ಟ ಹಾಕ್ಸಿ ಅಂದ. ಹಳದಿವಕ್ಕ ಅನ್ನಲಿಲ್ಲ. ಹಳದಿವಕ್ಕ ಲಸಿಕಿ ಬಿದ್ದೈತಿ, ಕೆಂಪಿಗೆ ಬಿದ್ದಿಲ್ಲ ಅನ್ನೋದು ಲಕೋಟಿ ಒಡಿಯೂದಕ್ಕಿಂತ ಮೊದಲ ಅವಗ ಗೊತ್ತಿತ್ತು. ನಿಮಗ ಗೊತ್ತಿಲ್ಲ, ಅವಗ ಗೊತ್ತೈತಿ!"

"ಅವರಿಗೆ ಹೆಂಗ್ರಿ ಗೊತ್ತಾಗ್ತೈತಿ? ಬಣ್ಣ, ವಾಸನಿ, ಎಲ್ಲಾ ಒಂದ. ಯಾವ ಫರಕೂ ಇಲ್ಲ."

"ರುಚಿ?" ಎಂದ ಕೊಟ್ರಯ್ಯ.

ಸುಧಾರಾಣಿ ಹಣೆ ಬಡಿದುಕೊಂಡಳು. ಉಪ್ಪುನೀರು ಉಪ್ಪಾಗಿರುತ್ತದೆ. ಲಸಿಕೆಗೆ ಬೇರೆಯದೇ ಕಹಿ. ಸೂಜಿಯ ಮದ್ದನ್ನು ಯಾರಾದರೂ ನೆಕ್ಕಿ ನೋಡಬಹುದು ಎಂದು ನಿಯಮ ಬರೆದ ದೊಡ್ಡವರಿಗೆ ಹೊಳೆದೇ ಇರಲಿಲ್ಲ.

*

ಮರುದಿನ ಬೆಳಿಗ್ಗೆ ಹಟ್ಟಿಯ ಮುಂದೆ ಅರ್ಧ ಊರೇ ನೆರೆದಿತ್ತು. ಡಾಕ್ಟರಮ್ಮನನ್ನು ಕಂಡು ಸಂಗಮ್ಮ ಕೈ ಬೀಸಿ ಬರುತ್ತಿದ್ದಳು. ಕೊಟ್ರಯ್ಯ ಅಡ್ಡ ನಿಂತ.

"ಎರ್ರೆಪ್ಪಣ್ಣ, ಮೊದಲ ದಿನ ಬಾಟ್ಲಿ ತಳದಾಗ ಉಳಿದಿದ್ದ ಹನಿ ನೆಕ್ಕಿದ್ದಿ. ಹೌದೋ ಅಲ್ಲೋ?"

ಎರ್ರೆಪ್ಪನ ಕೈ ಕೋಲಿನ ಮೇಲೆ ಬಿಗಿಯಾಯಿತು.

"ಕೆಂಪು ಚುಕ್ಕಿದು ಉಪ್ಪಿತ್ತು, ಹಳದಿದು ಕಹಿ," ಎಂದ ಕೊಟ್ರಯ್ಯ. "ಕೆಂಪು ಓಲೆವಕ್ಕ ಬರೀ ನೀರು ಹಾಕಿ ಮೋಸ ಮಾಡ್ಯಾರ ಅನಿಸ್ತು. ಅವಕ್ಕ ನೀನ ಔಷಧ ಮಾಡಿದಿ. ಮೈಲುತುತ್ತ."

ಎರ್ರೆಪ್ಪ ಸುಳ್ಳು ಹೇಳಲು ಕಲಿತವನಲ್ಲ. ಮುಚ್ಚಿಡಲು ಮಾತ್ರ, ಅದೂ ಈ ಐದು ದಿನದಲ್ಲಿ ಕಲಿತಿದ್ದ.

"ನಮ್ಮಜ್ಜನ ಕಾಲದಿಂದ ಹುಳಕ್ಕ, ಬಾಯಿ ಹುಣ್ಣಿಗೆ ಅದ ಕೊಡ್ತಿದ್ವಿ," ಎಂದ. "ಬೂಸಾದಾಗ ಬೆಲ್ಲ ಹಾಕಿ, ಒಂದು ಚಿಟಿಕಿ ಮೈಲುತುತ್ತ ಹಾಕಿ ಉಂಡಿ ಕಟ್ಟಿದೆ. ಒಂದ ಸಲ ಕೊಡೂದು ಪದ್ಧತಿ. ನಾನು ದಿನಾ ಕೊಟ್ಟೆ, ಮೂರು ವಾರ. ಬ್ಯಾನಿ ದೊಡ್ಡದು, ಔಷಧನೂ ಜಾಸ್ತಿ ಬೇಕು ಅನಿಸ್ತು. ನನ್ನ ಬುದ್ಧಿಗೆ ಬೆಂಕಿ ಬೀಳ್ಲಿ!"

"ಒಂದು ಮಾತು ನನ್ನ ಕೇಳಬಾರದಿತ್ತೇನ್ರಿ ಯಜಮಾನ್ರ?" ಎಂದಳು ಸುಧಾರಾಣಿ. ಸಿಟ್ಟಿಗೆ ಅವಳ ಕಣ್ಣಲ್ಲಿ ನೀರು ಬಂದಿತ್ತು.

"ಕೇಳಿದ್ನಲ್ಲ ತಾಯಿ. ಔಷಧ ಇಲ್ಲದವು ಯಾವುವು ಅಂತ ಅವತ್ತ ಕೇಳಿದೆ. ಗೊತ್ತಿಲ್ಲ ಅಂದ್ರಿ. ಹಾಕಿದಾಕಿಗೇ ಗೊತ್ತಿಲ್ಲಂದ್ರ ನಾ ಹೆಂಗ ನಂಬಲಿ?"

ಕೊಟ್ರಯ್ಯ ಬೂಟು ನೋಡಿಕೊಂಡ. ಅವನೂ ಅದನ್ನೇ ಕೇಳಿದ್ದನಲ್ಲ. ಸುಧಾರಾಣಿ ಅವತ್ತು ನಿಯಮ ಓದಿ ಹೇಳಿದ್ದಳು, ಯಾಕೆ ಎಂದು ಕೂತು ತಿಳಿಸಿರಲಿಲ್ಲ.

ಸಂಗಮ್ಮ ಅಣ್ಣನ ಎದುರು ಬಂದು ನಿಂತಳು.

"ನಿಂಗ ಯಾವಾಗ ತಿಳೀತು?"

"ಎರಡನೇದ್ದನ್ನ ಡಾಕ್ಟರಮ್ಮ ಕೊಯ್ದಾಗ. ಕರಿ ಆಗಿದ್ದು ನೋಡಿದೆ. ಅವತ್ತ ಉಂಡಿ ನಿಲ್ಲಿಸಿದೆ."

"ನಾನು ಊರೆಲ್ಲಾ ಈಕಿನ್ನ ಬೈಕೊಂತ ತಿರುಗಿದೆ. ಸ್ಟೇಷನ್ನಿಗೆ ಹೋದೆ. ನೀನು ನೋಡ್ಕೊಂತ ಕುಂತಿ!"

"ಹೇಳಿದ್ರ ಇನ್ನ ನನ್ನ ಕೈಯಾಗ ಕುರಿ ಕೊಡೂದಿಲ್ಲ ಅಂತ ಅಂಜಿದೆ, ಸಂಗಿ."

"ಈಗೂ ಕೊಡೂದಿಲ್ಲ," ಎಂದಳು ಸಂಗಮ್ಮ. ಅವನ ಕೈಯಿಂದ ಕೋಲು ಕಿತ್ತುಕೊಂಡಳು. ನಲವತ್ತೈದು ವರ್ಷ ಕುರಿ ಕಾಯ್ದ ಮನುಷ್ಯ ಬರಿಗೈಲಿ ನಿಂತ. ನೆರೆದವರು ಮುಖ ತಿರುಗಿಸಿದರು.

"ಅವ್ವಾ, ಒಂದು ನಿಮಿಷ," ಎಂದಳು ಸುಧಾರಾಣಿ. ಕಣ್ಣೊರೆಸಿಕೊಂಡು ಚೀಲದಿಂದ ಒಂದು ಡಬ್ಬಿ ತೆಗೆದಳು. "ಆ ಮೂವತ್ತೊಂದು ಕುರಿ ಮೈಯಾಗ ಇನ್ನೂ ತಾಮ್ರ ಐತಿ. ಅದನ್ನ ಇಳಿಸೂ ಔಷಧ ಇದು, ತೂಕ ನೋಡಿ ನಾನ ಅಳದು ಕೊಡ್ತೀನಿ. ದಿನಾ ಒಂದೊಂದಕ್ಕೂ ಬೂಸಾದಾಗ ಕೊಡಬೇಕು. ಆದ್ರ ಅಟ್ಟಾಡಿಸಿ ಹಿಡಿಯಾಂಗಿಲ್ಲ, ಕೂಗಾಂಗಿಲ್ಲ. ಹೆದರಿದ್ವೋ, ಇವತ್ತ ಸಾಯ್ತಾವ. ತಾವಾಗಿ ಬಂದು ಯಾರ ಕೈಯಾಗ ತಿಂತಾವ, ಅವರ ಕೊಡಬೇಕು."

"ನನ್ನ ಕುರಿ, ನಾನ ಕೊಡ್ತೀನಿ," ಎಂದು ಸಂಗಮ್ಮ ಬೂಸಾ ಹಿಡಿದು ಮುಂದಾದಳು. ಕೆಂಪು ಓಲೆಯ ಕುರಿಗಳು ಕಿವಿ ನಿಮಿರಿಸಿ ಹಿಂದೆ ಸರಿದವು. ಒಂದು ಮರಿ ತತ್ತರಿಸಿ ಮೊಣಕಾಲೂರಿತು. ಅವಳು ಅಲ್ಲೇ ನಿಂತುಬಿಟ್ಟಳು.

ಆಮೇಲೆ ಅಣ್ಣನ ಮುಖ ನೋಡದೆ ಬೂಸಾದ ಬುಟ್ಟಿಯನ್ನು ಅವನ ಕಾಲ ಬಳಿ ಇಟ್ಟಳು. ಕೋಲು ಕೊಡಲಿಲ್ಲ.

ಎರ್ರೆಪ್ಪ ನೆಲದ ಮೇಲೆ ಕುಕ್ಕರುಗಾಲಲ್ಲಿ ಕುಳಿತ. ಸುಧಾರಾಣಿ ಅಳೆದು ಕೊಟ್ಟಿದ್ದನ್ನು ಉಂಡೆ ಕಟ್ಟಿದ. ನಾಲಿಗೆಯಿಂದ ಚಿಕ್, ಚಿಕ್ ಎಂದು ಮೆಲ್ಲಗೆ ಸದ್ದು ಮಾಡಿದ.

ಮುದಿ ಕುರಿಯೊಂದು ತಲೆ ಎತ್ತಿತು. ನೇರ ಅವನ ಬಳಿಗೆ ಬಂತು. ಅದರ ಹಿಂದೆ ಇನ್ನೊಂದು, ಮತ್ತೊಂದು. ಅವನ ಅಂಗೈಗೆ ಮೂತಿ ಒತ್ತಿ, ದಿನದಿನವೂ ತಿಂದ ಹಾಗೆಯೇ ತಿಂದವು. ಎರ್ರೆಪ್ಪ ಅಳತೊಡಗಿದ, ಆದರೆ ಕುರಿಗಳು ಹೆದರಬಾರದೆಂದು ಸದ್ದು ಮಾತ್ರ ಹೊರಡಿಸಲಿಲ್ಲ.