ತಾತನ ಕೈಲಿ ಬಂದೂಕು

"ಅಜ್ಮತ್ ಅಣ್ಣ, ಇದು ನಮ್ಮ ತಾತ ಅಲ್ಲ" ಎಂದಳು ಶಿವರಂಜನಿ.

ಚಳ್ಳಕೆರೆಯ ತನ್ನ ಅಂಗಡಿಯಿಂದ ಫ್ಲೆಕ್ಸ್ ತಂದಿದ್ದ ಅಜ್ಮತ್ ಅದನ್ನು ಅಂಗಳದಲ್ಲಿ ಹಾಸಿ ನೋಡಿದ. ಮುಖ ಶಾಂತವೀರಪ್ಪ ತಾತನದೇ. ಕುತ್ತಿಗೆಯಿಂದ ಕೆಳಗೆ ಮಾತ್ರ ಯಾರೋ ಸೈನಿಕ. ಹಸಿರು ಯೂನಿಫಾರ್ಮ್, ಕೈಲಿ ಬಂದೂಕು, ಹಿಂದೆ ಹಿಮದ ಬೆಟ್ಟ.

"ಮುಖ ಸರಿಯಾಗೇ ಐತಲ್ಲಮ್ಮ."

"ತಾತ ನೇವೀಲಿದ್ರು. ಬಿಳೀ ಡ್ರೆಸ್ಸು. ಹಿಂದೆ ಹಡಗು ಹಾಕಿ ಅಂತ ಫೋನಲ್ಲಿ ಹೇಳಿದ್ನಲ್ಲ?"

"ಹಾಕಿದ್ದೆ. ಮಿಲ್ಟ್ರಿಯೋರಿಗೆ ಹಡಗ್ಯಾಕೆ ಅಂತ ತೆಗ್ದೆ."

ಶಿವರಂಜನಿಗೆ ತಲೆ ಚಚ್ಚಿಕೊಳ್ಳುವಂತಾಯಿತು. ಅವರ ಊರು ಬಿ.ಜಿ. ಕೆರೆಯಲ್ಲಿ ಎಲ್ಲರದೂ ಇದೇ ಕತೆ. ತಾತ ಎಷ್ಟೋ ವರ್ಷ ಸಮುದ್ರದ ಮೇಲೆ ದುಡಿದು ಬಂದರೂ ಊರಿಗೆ ಅವರು ಮಿಲ್ಟ್ರಿ ಶಾಂತವೀರಪ್ಪ. "ಮಿಲ್ಟ್ರಿ ಅಲ್ಲಪ್ಪ, ನೇವಿ" ಎಂದು ತಾತ ನಗುತ್ತಾ ಹೇಳುತ್ತಿದ್ದರು. ಮರುದಿನ ಅದೇ ಜನ ಮತ್ತೆ ಮಿಲ್ಟ್ರಿ ಅನ್ನುತ್ತಿದ್ದರು. ತಾತ ಮತ್ತೆ ನಗುತ್ತಾ ಹೇಳುತ್ತಿದ್ದರು.

"ಕೋಣನ ಮುಂದೆ ಕಿನ್ನರಿ ಯಾಕೆ ಬಾರಿಸ್ತೀಯ ತಾತ?" ಎಂದು ಅವಳೇ ರೇಗುತ್ತಿದ್ದಳು.

ಇವತ್ತು ತಾತನ ಮೊದಲ ವರ್ಷದ ಪುಣ್ಯತಿಥಿ. ಊರೆಲ್ಲ ಊಟಕ್ಕೆ ಬರುತ್ತದೆ. ಇವತ್ತೊಂದು ದಿನವಾದರೂ ಎಲ್ಲರೂ ತಾತನನ್ನು ಸರಿಯಾಗಿ ನೋಡಲಿ ಎಂದು ಅವಳಿಗೆ ತುಂಬಾ ಆಸೆಯಿತ್ತು.

"ಬೇರೆ ಮಾಡ್ಸಾಕೆ ಟೈಮ್ ಎಲ್ಲೈತೆ? ಇದನ್ನೇ ಕಟ್ಟಪ್ಪ" ಎಂದರು ಅಪ್ಪ.

ಅಜ್ಮತ್ ಎರಡು ಕಂಬ ನೆಟ್ಟು ಫ್ಲೆಕ್ಸ್ ಕಟ್ಟಿದ. ಬಯಲುಸೀಮೆಯ ಗಾಳಿ ಸುಮ್ಮನಿರುತ್ತದೆಯೇ? ಗಂಟು ಬಿಚ್ಚಿಕೊಂಡು ಫ್ಲೆಕ್ಸ್ ಪಕ್ಕದ ಮನೆಯ ದುರುಗಕ್ಕನ ಎಮ್ಮೆಯ ಮೇಲೆ ಬಿತ್ತು. ಮತ್ತೆ ಕಟ್ಟಿದ. ಮತ್ತೆ ಎಮ್ಮೆ ಬೆದರಿತು.

"ಕೊಡಿ ಇಲ್ಲಿ" ಎಂದು ಶಿವರಂಜನಿ ಹಗ್ಗ ಕಿತ್ತುಕೊಂಡು ಸ್ಟೂಲ್ ಹತ್ತಿದಳು. ಕಂಬಕ್ಕೆ ಎರಡು ಸುತ್ತು. ತುದಿ ಮಡಚಿ ಒಳಗೆ ತೂರಿಸಿ ಬಿಗಿದಳು. ಶಾಲೆಯ ರಜೆಯಲ್ಲಿ ತಾತ ಮಂಚದ ಕಾಲಿಗೆ ಹಗ್ಗ ಸುತ್ತಿಸಿ ಇದನ್ನು ಕಲಿಸಿದ್ದರು. ತಪ್ಪಿದಾಗಲೆಲ್ಲ "ಇನ್ನೊಂದ್ಸಲ" ಎಂದು ಪ್ರಾಣ ತಿಂದಿದ್ದರು. ಅವರ ಮೇಲೆ ಆಗ ಎಷ್ಟು ಸಿಟ್ಟು ಬಂದಿತ್ತು!

ಫ್ಲೆಕ್ಸ್ ಸಂಜೆಯವರೆಗೂ ಪಟಪಟ ಬಡಿದುಕೊಂಡಿತು, ಬೀಳಲಿಲ್ಲ. ಬಂದವರೆಲ್ಲ ಬಂದೂಕಿಗೇ ಕೈಮುಗಿದು ಹೋದರು.

ಕಂಬ ಒಯ್ಯಲು ಬಂದ ಅಜ್ಮತ್ ಗಂಟಿನ ಜೊತೆ ಗುದ್ದಾಡಿದ. ಎಳೆದಷ್ಟೂ ಅದು ಬಿಗಿಯಾಯಿತು. ಅವನು ಬ್ಲೇಡ್ ಹುಡುಕುತ್ತಿದ್ದಾಗ ಶಿವರಂಜನಿ ಬಂದು ಮಡಚಿ ಬಿಟ್ಟಿದ್ದ ತುದಿಯನ್ನು ಜಗ್ಗಿದಳು. ಹಗ್ಗ ಸರಕ್ಕನೆ ಬಿಚ್ಚಿಕೊಂಡಿತು.

"ಅರೆ, ಮಿಲ್ಟ್ರಿ ತಾತ ಕಲ್ಸಿದ್ರಾ?"

ಅವಳಿಗೆ ಸಿಟ್ಟು ನೆತ್ತಿಗೇರಿತು. ಆದರೆ ಅಜ್ಮತ್ ಹಗ್ಗವನ್ನು ತಿರುಗಿಸಿ ಮುರುಗಿಸಿ ನೋಡುತ್ತಿದ್ದ. ಅವನಿಗೆ ನಿಜವಾಗಿಯೂ ಕಲಿಯಬೇಕಿತ್ತು.

"ಮಿಲ್ಟ್ರಿ ಅಲ್ಲಣ್ಣ, ನೇವಿ" ಎಂದಳು. ಹೇಳುವಾಗ ಯಾಕೋ ನಗು ಬಂತು. "ಹಡಗಲ್ಲಿ ಹಿಂಗೇ ಕಟ್ತಾರಂತೆ. ಬರ್ರಿ, ತೋರಿಸ್ತೀನಿ."

ಅಜ್ಮತ್ ಎರಡು ಸುತ್ತು ಹಾಕಿ ತುದಿಯನ್ನು ತಪ್ಪು ಕಡೆ ತೂರಿಸಿದ.

"ಇನ್ನೊಂದ್ಸಲ" ಎಂದಳು ಶಿವರಂಜನಿ.